ನವಾಹೊ ನೆಲದ ಯುರೇನಿಯಂ ಕಸ ಇನ್ನೂ ಯಾಕೆ ಅಲ್ಲೇ ಇದೆ?

ಅಮೆರಿಕದ ಅರಿಜೋನಾ, ನ್ಯೂ ಮೆಕ್ಸಿಕೊ, ಯೂಟಾ ರಾಜ್ಯಗಳಲ್ಲಿ ಹರಡಿರುವ ನವಾಹೊ ಬುಡಕಟ್ಟಿನ ನೆಲದಲ್ಲಿ 500ಕ್ಕೂ ಹೆಚ್ಚು ಯುರೇನಿಯಂ ಗಣಿಗಳು ಪಾಳು ಬಿದ್ದಿವೆ. 1944ರಿಂದ 1986ರವರೆಗೆ ಇಲ್ಲಿಂದ ಸುಮಾರು 3 ಕೋಟಿ ಟನ್ ಅದಿರು ಹೊರಗೆ ಹೋಯಿತು. ಅಗೆದು ಬಿಸಾಕಿದ ಕಲ್ಲುಮಣ್ಣು ಮಾತ್ರ ಹೆಚ್ಚಿನ ಕಡೆ ಹಾಗೇ ಬಿದ್ದಿದೆ.

ಇದನ್ನು ಕಂಪನಿಗಳ ಗಲೀಜು ಎಂದಷ್ಟೇ ಹೇಳಿ ಬಿಡುವಂತಿಲ್ಲ. ಅಗೆದವರು ಖಾಸಗಿಯವರು ನಿಜ. ಆದರೆ ಅಣುಬಾಂಬಿಗಾಗಿ 1960ರ ದಶಕದ ಮಧ್ಯದವರೆಗೂ ಆ ಯುರೇನಿಯಂ ಕೊಂಡದ್ದು ಅಮೆರಿಕ ಸರ್ಕಾರ ಮಾತ್ರ. ಸುರಂಗದೊಳಗೆ ಗಾಳಿಯಾಡುತ್ತಿರಲಿಲ್ಲ. ಅಲ್ಲಿ ಯುರೇನಿಯಂ ಅದಿರಿನಿಂದ ಹೊರಡುವ, ವಿಕಿರಣ ಸೂಸುವ ರೇಡಾನ್ ಅನಿಲವನ್ನೇ ನವಾಹೊ ಕೆಲಸಗಾರರು ಉಸಿರಾಡಿದರು. ಯುರೋಪಿನ ಇಂಥ ಗಣಿಗಳಲ್ಲಿ ಶ್ವಾಸಕೋಶದ ಕ್ಯಾನ್ಸರ್ ಜಾಸ್ತಿ ಎಂಬುದು ವೈದ್ಯರಿಗೆ ಆಗಲೇ ಗೊತ್ತಿತ್ತು. 1950ರಲ್ಲಿ ಸರ್ಕಾರದ ಆರೋಗ್ಯ ಸೇವೆ ಗಣಿ ಕೆಲಸಗಾರರ ಅಧ್ಯಯನವನ್ನೂ ಶುರು ಮಾಡಿತು. ಅಪಾಯ ಏನೆಂದು ಅವರಿಗೇ ಹೇಳಲಿಲ್ಲ! ಪರಿಹಾರದ ಕಾನೂನು ಬಂದದ್ದು 1990ರಲ್ಲಿ.

ಗಣಿ ಮುಚ್ಚಿದರೂ ಅಪಾಯ ಮುಗಿಯಲಿಲ್ಲ. ಬಿಸಾಕಿದ ಮಣ್ಣಿನಲ್ಲಿ ವಿಕಿರಣ ಸೂಸುವ ರೇಡಿಯಂ ಎಂಬ ಲೋಹ ಉಳಿದಿರುತ್ತದೆ. ಅದು ಅರ್ಧಕ್ಕೆ ಇಳಿಯಲು 1,600 ವರ್ಷ ಬೇಕು. ಅಲ್ಲಿಯವರೆಗೂ, ಆಮೇಲೂ ರೇಡಾನ್ ಬಿಡುತ್ತಲೇ ಇರುತ್ತದೆ. ಆ ಕಲ್ಲನ್ನೇ ತಂದು ಮನೆ ಕಟ್ಟಿಕೊಂಡವರೂ ಇದ್ದರು.

1979ರ ಜುಲೈ 16ರಂದು ನ್ಯೂ ಮೆಕ್ಸಿಕೊದ ಚರ್ಚ್ ರಾಕ್‌ನಲ್ಲಿ ಅದಿರು ಕಾರ್ಖಾನೆಯ ತ್ಯಾಜ್ಯದ ಕಟ್ಟೆ ಒಡೆಯಿತು. 35 ಕೋಟಿ ಲೀಟರಿಗೂ ಹೆಚ್ಚು ವಿಕಿರಣಭರಿತ ಆಮ್ಲನೀರು ಪ್ವೆರ್ಕೊ ನದಿಗೆ ನುಗ್ಗಿತು. ಆ ಮಾರ್ಚ್‌ನಲ್ಲಷ್ಟೇ ತ್ರೀ ಮೈಲ್ ಐಲೆಂಡ್ ಅಣು ವಿದ್ಯುತ್ ಸ್ಥಾವರದ ಅಪಘಾತ ದೇಶವನ್ನೇ ನಡುಗಿಸಿತ್ತು. ಕುರಿ ಸಾಕುವ ನವಾಹೊ ಜನರ ನದಿಯ ಸುದ್ದಿಗೆ ಅಷ್ಟು ಜಾಗ ಸಿಗಲಿಲ್ಲ.

ನನ್ನ ಪ್ರಕಾರ ದೊಡ್ಡ ಎಡವಟ್ಟು ಕಾನೂನಿನಲ್ಲೇ ಆಯಿತು. 1978ರ ಕಾನೂನು ಅದಿರು ಅರೆಯುವ ಹಳೆಯ ಕಾರ್ಖಾನೆಗಳ ತ್ಯಾಜ್ಯವನ್ನು ಸರ್ಕಾರದ ಹೊಣೆಗೆ ಹಾಕಿತು. ಶಿಪ್‌ರಾಕ್, ಟ್ಯೂಬಾ ಸಿಟಿಯಂಥ ಕಡೆ ಕೆಲಸವೂ ನಡೆಯಿತು. ಗಣಿಗಳ ಕಸ ಅದರಲ್ಲಿ ಸೇರಲೇ ಇಲ್ಲ. 2005ರಲ್ಲಿ ನವಾಹೊ ಆಡಳಿತ ತನ್ನ ನೆಲದಲ್ಲಿ ಯುರೇನಿಯಂ ಗಣಿಗಾರಿಕೆಯನ್ನೇ ನಿಷೇಧಿಸಿತು. 2007ರಲ್ಲಿ ಸಂಸದ ಹೆನ್ರಿ ವ್ಯಾಕ್ಸ್‌ಮನ್ ವಿಚಾರಣೆ ನಡೆಸಿ ಅಧಿಕಾರಿಗಳನ್ನು ಕೂರಿಸಿ ಕೇಳಿದರು. ಮರುವರ್ಷ ಈ ಕಸ ತೆರವಿಗೆ ಐದು ವರ್ಷದ ಯೋಜನೆ ಬಂತು.

ದುಡ್ಡು ಬಂದದ್ದು ಬಹುಪಾಲು ಮೊಕದ್ದಮೆಗಳಿಂದ. ಇಲ್ಲಿ ಗಣಿ ಅಗೆದಿದ್ದ ಕೆರ್-ಮೆಗೀ ಕಂಪನಿಯ ಹಳೆಯ ಹೊಣೆಗಾರಿಕೆಯ ಮೇಲೆ 2014ರಲ್ಲಿ ಆದ ಒಪ್ಪಂದದಿಂದ ಸುಮಾರು 50 ಗಣಿಗಳಿಗೆ ಹೆಚ್ಚುಕಡಿಮೆ 100 ಕೋಟಿ ಡಾಲರ್ ಸಿಕ್ಕಿತು. ಎಲ್ಲ ಒಪ್ಪಂದ ಸೇರಿಸಿದರೂ ಅರ್ಧಕ್ಕಿಂತ ಹೆಚ್ಚು ಗಣಿಗಳಿಗೆ ದುಡ್ಡಿನ ದಾರಿ ಕಂಡಿಲ್ಲ.

ಇನ್ನು ಕಸ ಹಾಕುವುದಾದರೂ ಎಲ್ಲಿಗೆ? ಅಲ್ಲೇ ಮುಚ್ಚಿಬಿಡುವುದು ಅಗ್ಗ. ಆದರೆ ನಮ್ಮ ನೆಲದಿಂದಲೇ ಆಚೆ ಸಾಗಿಸಿ ಎನ್ನುತ್ತಾರೆ ಊರವರು. 2025ರ ಜನವರಿಯಲ್ಲಿ ಅಮೆರಿಕ ಸರ್ಕಾರದ ಪರಿಸರ ಸಂರಕ್ಷಣಾ ಸಂಸ್ಥೆ ಚರ್ಚ್ ರಾಕ್ ಹತ್ತಿರದ ಕ್ವಿವಿರಾ ಗಣಿಯ ಮಟ್ಟಿಗೆ ಅದನ್ನು ಒಪ್ಪಿಕೊಂಡಿತು. 10 ಲಕ್ಷ ಕ್ಯೂಬಿಕ್ ಯಾರ್ಡಿಗೂ ಹೆಚ್ಚು ಕಸ ನವಾಹೊ ಗಡಿಯಾಚೆ, ಥರೂ ಊರಿನ ಹತ್ತಿರದ ರೆಡ್ ರಾಕ್ಸ್ ಕಸದ ತಾಣಕ್ಕೆ ಹೋಗಬೇಕು. ಆರರಿಂದ ಎಂಟು ವರ್ಷದ ಕೆಲಸ. ಈಗ ಥರೂ ಸುತ್ತಮುತ್ತಲಿನವರು ತಕರಾರು ಎತ್ತಿದ್ದಾರೆ. ಅಲ್ಲೂ ನವಾಹೊ ಜನರೇ ಇದ್ದಾರಲ್ವಾ!