ಹಾಸು ಹೊಕ್ಕು ಇಲ್ಲದ 'ಬಟ್ಟೆ' ಚೀಲ

ಪ್ಲಾಸ್ಟಿಕ್ ನಿಷೇಧ ಬೇಡ ಅನ್ನುವವರು ನನಗೆ ಸಿಕ್ಕಿದ್ದೇ ಕಡಿಮೆ. ಒಣಕಸ ವಿಂಗಡಣೆಯ ಕೆಲಸಕ್ಕೆ ಬೆಂಗಳೂರಿನ ಅಪಾರ್ಟ್‌ಮೆಂಟ್ ಸಭೆಗಳಿಗೆ ಹೋಗುತ್ತಿರುತ್ತೇನೆ. ನಿಷೇಧ ಬೇಕಾ ಅಂದರೆ ಎಲ್ಲರ ಕೈಯೂ ಮೇಲೆ. "ನಾವು ಕವರ್ ಬಿಟ್ಟು ಎಷ್ಟೋ ವರ್ಷ ಆಯ್ತು ಸಾರ್, ಬಟ್ಟೆ ಬ್ಯಾಗೇ ತರೋದು" ಅಂತ ಒಂದು ಚೀಲವನ್ನೂ ತೋರಿಸುತ್ತಾರೆ.

ಅದು ಬಟ್ಟೆಯಲ್ಲ. ನಾನ್‌ವೋವನ್ ಬ್ಯಾಗು, ಅಂದರೆ ನೇಯದೆ ಮಾಡಿದ್ದು. ಅದೂ ಪ್ಲಾಸ್ಟಿಕ್ಕೇ.

ಎಷ್ಟು ಸಲ ಹೇಳಿದರೂ ಇದೊಂದು ಮಾತು ತಲೆಗೆ ಹೋಗುವುದಿಲ್ಲ. ಮುಟ್ಟಿದರೆ ಬಟ್ಟೆಯ ಹಾಗೇ ಇರುತ್ತದೆ, ನಿಜ. ಆದರೆ ಅದು ಪಾಲಿಪ್ರೊಪಿಲೀನ್ ಅನ್ನುವ ಪ್ಲಾಸ್ಟಿಕ್. ಅದನ್ನು ಕರಗಿಸಿ, ಸಣ್ಣ ಎಳೆಗಳಾಗಿ ಹರಡಿ, ಬಿಸಿ ರೋಲರ್ ಕೆಳಗೆ ಒತ್ತುತ್ತಾರೆ. ಮಗ್ಗವೇ ಇಲ್ಲ. ಹಾಗಾಗಿ ಹಾಸು ಇಲ್ಲ, ಹೊಕ್ಕೂ ಇಲ್ಲ. ಅಂಚಿನಿಂದ ಒಂದು ನೂಲು ಬಿಡಿಸಿ ನೋಡಿ, ಬರುವುದಿಲ್ಲ. ಬೆಳಕಿಗೆ ಹಿಡಿದರೆ ಸಾಲುಸಾಲು ಚುಕ್ಕಿ ಕಾಣುತ್ತದೆ. ಚೂರು ಕತ್ತರಿಸಿ ಬೆಂಕಿ ತೋರಿಸಿದರೆ ಕರಗಿ ಗಟ್ಟಿ ಉಂಡೆಯಾಗುತ್ತದೆ, ಹತ್ತಿಯಾದರೆ ಬೂದಿ. ಪಾಲಿಯೆಸ್ಟರ್ ಬಟ್ಟೆಯೂ ಕರಗುವುದರಿಂದ ಬೆಂಕಿಯೊಂದನ್ನೇ ನಂಬಬೇಡಿ, ಮೊದಲು ನೂಲು ನೋಡಿ.

60 ಜಿಎಸ್‌ಎಂಗಿಂತ (ಅಂದರೆ ಚದರ ಮೀಟರಿಗೆ 60 ಗ್ರಾಂಗಿಂತ) ತೆಳುವಾದ ನಾನ್‌ವೋವನ್ ಚೀಲ ಕೂಡದು ಅಂತ 2021ರ ಸೆಪ್ಟೆಂಬರ್ 30ರಿಂದ ಕೇಂದ್ರದ ನಿಯಮವಿದೆ. ಅದಿರುವುದು ಪ್ಲಾಸ್ಟಿಕ್ ತ್ಯಾಜ್ಯದ ನಿಯಮಗಳಲ್ಲೇ. ಬಟ್ಟೆಯಾಗಿದ್ದರೆ ಅದಕ್ಕೆ ಅಲ್ಲೇನು ಕೆಲಸ, ಹೇಳಿ?

ಹೋದ ವರ್ಷ ನೆಂಟರ ಮದುವೆಯೊಂದಕ್ಕೆ ಹೋಗಿದ್ದೆ. ಬಾಳೆಎಲೆ ಊಟ, ಸ್ಟೀಲ್ ಲೋಟ. ನೀರಿನ ಬಾಟಲಿಯೂ ಇರಲಿಲ್ಲ. ಹುಡುಗಿಯ ತಾಯಿ ಹಟ ಹಿಡಿದು ಮಾಡಿಸಿದ್ದರು, ನೋಡಿ ಖುಷಿಯಾಯಿತು. ಹೊರಡುವಾಗ ತಾಂಬೂಲ ಕೊಟ್ಟರು. ತೆಂಗಿನಕಾಯಿ, ವೀಳ್ಯದೆಲೆ, ಅಡಿಕೆ. ಹೆಣ್ಣು ಗಂಡಿನ ಹೆಸರು ಅಚ್ಚಾದ ಕೆಂಪು ಚೀಲ. ಚುಕ್ಕಿ ಚುಕ್ಕಿ.

ಆವತ್ತು ಸುಮ್ಮನಿದ್ದೆ. ವಾರದ ಮೇಲೆ ಅವರೇ ಕೇಳಿದರು, "ಹೆಂಗಿತ್ತಪ್ಪಾ ನಮ್ಮ ಏರ್ಪಾಡು?" ಆಗ ಹೇಳಿದೆ. ಮುಖ ಸಣ್ಣದಾಯಿತು. "ಅಂಗಡಿಯವನು ಬಟ್ಟೆ ಅಂತಲೇ ಕೊಟ್ಟನಲ್ಲೋ. ಕವರಿಗಿಂತ ಜಾಸ್ತಿ ದುಡ್ಡು ಕೊಟ್ಟು ತಂದೆ." ಅವರದೇನು ತಪ್ಪು? ಇಷ್ಟು ಮನಸ್ಸಿಟ್ಟು ಮಾಡುವವರಿಗೇ ಹೀಗೆ ಮೋಸವಾಗುತ್ತದಲ್ಲ, ಅದೇ ನನಗೆ ತಡೆಯಲಾಗದ ಸಿಟ್ಟು.

ಉಳಿದ ಚೀಲಗಳನ್ನು ಏನು ಮಾಡಲಿ ಅಂದರು. ಎಸೆಯಬೇಡಿ, ಹರಿಯುವವರೆಗೂ ತರಕಾರಿಗೆ ಬಳಸಿ ಅಂದೆ. ಬಿಸಿಲಲ್ಲಿ ಮಾತ್ರ ಬಿಡಬೇಡಿ, ಪುಡಿಪುಡಿಯಾಗಿ ಮಣ್ಣಿಗೆ ಸೇರುತ್ತದೆ. ಹರಿದ ಮೇಲೆ ಒಣಕಸಕ್ಕೆ ಹಾಕಿ, ಹಳೇಬಟ್ಟೆಯ ಗಂಟಿಗಲ್ಲ.