ಮ್ಯಾರಥಾನ್ ಮುಗಿದ ಮೇಲೆ ಓಡಲು ಮನಸ್ಸೇ ಬರುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ: ನಾನು ಉಡುಪಿಯವಳು, ವಯಸ್ಸು 38. ಜನವರಿಯಲ್ಲಿ ಮುಂಬೈಗೆ ಹೋಗಿ ಮೊದಲ ಸಲ ಫುಲ್ ಮ್ಯಾರಥಾನ್ ಓಡಿದೆ. ಅದಕ್ಕಾಗಿ ಐದು ತಿಂಗಳು ಬೆಳಿಗ್ಗೆ ನಾಲ್ಕೂವರೆಗೆ ಎದ್ದಿದ್ದೇನೆ, ಬೇಸರ ಬಂದದ್ದಿಲ್ಲ. ವಾಪಸ್ ಬಂದು ಈಗ ಆರು ವಾರ. ಇಷ್ಟರಲ್ಲಿ ಓಡಿದ್ದು ಎರಡೇ ಸಲ, ಎರಡು ಸಲವೂ ಅರ್ಧಕ್ಕೆ ನಿಲ್ಲಿಸಿ ನಡೆದುಕೊಂಡು ಮನೆಗೆ ಬಂದೆ. ಅಲಾರಾಂ ಹೊಡೆದರೆ ಆಫ್ ಮಾಡಿ ಮಲಗುತ್ತೇನೆ. ಆಮೇಲೆ ದಿನವಿಡೀ ನನ್ನ ಮೇಲೆ ನನಗೇ ಸಿಟ್ಟು. ಹಳೆ ಹುರುಪು ವಾಪಸ್ ಬರಲು ಏನು ಮಾಡಬೇಕು?

ಉತ್ತರ: ಮೊದಲು ಅಭಿನಂದನೆ. 42.195 ಕಿಲೋಮೀಟರ್ ಅಂದರೆ ಸುಮ್ನೆ ಮಾತಲ್ಲ. ಅದರಲ್ಲೂ ಮುಂಬೈಯ ಓಟದಲ್ಲಿ ಕಾಲು ಸೋತ ಹೊತ್ತಿಗೇ ಸರಿಯಾಗಿ ಪೆಡ್ಡರ್ ರೋಡಿನ ಏರು ಎದುರಾಗುತ್ತದೆ. ಅದನ್ನು ಹತ್ತಿ ಬಂದವರು ನೀವು. ಇದನ್ನು ಯಾಕೆ ನೆನಪಿಸುತ್ತಿದ್ದೇನೆ ಅಂದರೆ, ನಿಮ್ಮ ಪತ್ರದಲ್ಲಿ ಆ ಓಟಕ್ಕೆ ಸಿಕ್ಕಿದ್ದು ಒಂದು ಸಾಲು, ಬೈದುಕೊಂಡದ್ದಕ್ಕೆ ಐದು ಸಾಲು.

ಈ ಪ್ರಶ್ನೆ ನಿಮ್ಮೊಬ್ಬರದ್ದಲ್ಲ. ಜನವರಿಯ ಮೂರನೇ ಭಾನುವಾರ ಮುಂಬೈ, ಫೆಬ್ರವರಿಯಲ್ಲಿ ಮಣಿಪಾಲದ ಮ್ಯಾರಥಾನ್. ಎರಡೂ ಮುಗಿದವೆಂದರೆ ಮಲ್ಪೆ ಬೀಚಿನಲ್ಲಿ, ತಣ್ಣೀರುಬಾವಿಯಲ್ಲಿ ದಿನಾ ಕಾಣುತ್ತಿದ್ದ ಎಷ್ಟೋ ಮುಖಗಳು ಮಾಯ. ಎಲ್ಲರೂ ಒಟ್ಟಿಗೇ ಸೋಮಾರಿಗಳಾದರಾ? ಇಲ್ಲ, ಅಲ್ವಾ?

ನಮ್ಮೂರಿನ ಯಕ್ಷಗಾನ ಮೇಳಗಳನ್ನು ನೋಡಿ. ದೀಪಾವಳಿ ಕಳೆದು ತಿರುಗಾಟ ಶುರುವಾದರೆ ರಾತ್ರಿಗೊಂದು ಊರು, ರಾತ್ರಿಗೊಂದು ಆಟ. ಅದು ಪತ್ತನಾಜೆಯವರೆಗೆ. ತುಳು ತಿಂಗಳು ಬೇಶದ ಹತ್ತನೇ ದಿನ, ಅಂದರೆ ಮೇ 24ರ ಆಸುಪಾಸು, ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಮರುದಿನ ಮಧ್ಯಾಹ್ನ ಕಲಾವಿದರು ಮನೆಯಲ್ಲಿ ಕುಚ್ಚಲಕ್ಕಿ ಗಂಜಿ ಉಂಡು ಚಾಪೆ ಹಾಸಿ ಮಲಗಿದರೆ, ‘ಪಾಪ, ಇವರಿಗೆ ಕುಣಿಯುವ ಹುರುಪೇ ಹೋಯಿತು’ ಅಂತ ಯಾರಾದರೂ ಹೇಳುತ್ತಾರಾ? ಹೇಳುವುದಿಲ್ಲ. ಯಾಕೆಂದರೆ ಪತ್ತನಾಜೆ ಯಾವತ್ತು ಅಂತ ಎಲ್ಲರಿಗೂ ಗೊತ್ತು. ಗೆಜ್ಜೆ ಮತ್ತೆ ಕಟ್ಟುವುದು ಯಾವಾಗ ಅಂತಲೂ ಗೊತ್ತು.

ನಿಮ್ಮ ಓಟಕ್ಕೆ ಪತ್ತನಾಜೆ ಇರಲಿಲ್ಲ, ನನ್ನ ಪ್ರಕಾರ ತೊಂದರೆ ಅಷ್ಟೇ. ನಿಮ್ಮ ತರಬೇತಿಯ ಚಾರ್ಟ್ ಓಟದ ಭಾನುವಾರಕ್ಕೆ ಮುಗಿದುಹೋಗಿತ್ತು. ಸೋಮವಾರಕ್ಕೆ ಅದರಲ್ಲಿ ಜಾಗವೇ ಇರಲಿಲ್ಲ. ಹಾಗಾಗಿ ಈ ಆರು ವಾರ ನೀವು ಓಡಲೂ ಇಲ್ಲ, ನೆಮ್ಮದಿಯಾಗಿ ವಿಶ್ರಾಂತಿ ತೆಗೆದುಕೊಳ್ಳಲೂ ಇಲ್ಲ. ದಿನಾ ಅಲಾರಾಂ ಇಟ್ಟು, ದಿನಾ ಆಫ್ ಮಾಡಿ, ದಿನಾ ಬೈದುಕೊಂಡದ್ದು. ಓಡುವುದಕ್ಕಿಂತ ಇದೇ ಜಾಸ್ತಿ ಸುಸ್ತಿನ ಕೆಲಸ.

ಮೈಯ ಲೆಕ್ಕ ಮೊದಲು ನೋಡೋಣ. ಫುಲ್ ಮ್ಯಾರಥಾನ್ ಆದ ಮೇಲೆ ಕಾಲುನೋವು ಎರಡನೇ ಅಥವಾ ಮೂರನೇ ದಿನ ಜೋರಾಗಿರುತ್ತದೆ, ವಾರದೊಳಗೆ ಇಳಿಯುತ್ತದೆ. ಸ್ನಾಯುಗಳಲ್ಲಿ ಖಾಲಿಯಾದ ಗ್ಲೈಕೋಜನ್, ಅಂದರೆ ಓಟಕ್ಕೆ ಬೇಕಾದ ಸಕ್ಕರೆಯ ದಾಸ್ತಾನು, ಸರಿಯಾಗಿ ಉಂಡರೆ ಕೆಲವೇ ದಿನಗಳಲ್ಲಿ ತುಂಬಿಕೊಳ್ಳುತ್ತದೆ. ಆದರೆ ಸ್ನಾಯುವಿನ ಎಳೆಗಳಲ್ಲಿ ಆದ ಸಣ್ಣ ಸಣ್ಣ ಹರುಕುಗಳು ಸರಿಯಾಗಲು ಎರಡು ಮೂರು ವಾರ ಬೇಕು. ನೋವು ಹೋಯಿತು ಅಂದ ಮಾತ್ರಕ್ಕೆ ರಿಪೇರಿ ಮುಗಿಯಿತು ಅಂತಲ್ಲ. ಓಟಗಾರರಲ್ಲಿ ಒಂದು ಹಳೆ ಲೆಕ್ಕ ಉಂಟು: ಓಡಿದ ಒಂದೊಂದು ಮೈಲಿಗೆ ಒಂದೊಂದು ದಿನ ಹಗುರವಾಗಿರಿ. ಮ್ಯಾರಥಾನ್‌ಗೆ 26 ಮೈಲಿ, ಅಂದರೆ 26 ದಿನ. ಹಾಗೆ ನೋಡಿದರೆ ನಿಮ್ಮ ಆರು ವಾರದಲ್ಲಿ ಸುಮಾರು ನಾಲ್ಕು ವಾರ ಹೇಗೂ ಮೈಗೆ ಸಲ್ಲಬೇಕಾಗಿದ್ದದ್ದೇ. ನೀವು ಸಾಲ ಅಂದುಕೊಂಡಿರುವುದರಲ್ಲಿ ಹೆಚ್ಚಿನದು ಸಾಲವೇ ಅಲ್ಲ.

ಮನಸ್ಸಿನ ಲೆಕ್ಕ ಬೇರೆ. ಅಮೆರಿಕದ ಈಜುಗಾರ ಮೈಕೆಲ್ ಫೆಲ್ಪ್ಸ್ ಒಲಿಂಪಿಕ್ಸ್‌ನಲ್ಲಿ ಒಟ್ಟು 28 ಪದಕ ಗೆದ್ದವರು, ಅದರಲ್ಲಿ 23 ಚಿನ್ನ. ಪ್ರತಿ ಒಲಿಂಪಿಕ್ಸ್ ಮುಗಿದ ಮೇಲೂ ತಾನು ಖಿನ್ನತೆಗೆ ಜಾರುತ್ತಿದ್ದೆ ಅಂತ ಅವರೇ ಬಹಿರಂಗವಾಗಿ ಹೇಳಿಕೊಂಡಿದ್ದಾರೆ. ಗೆದ್ದವರಿಗೇ ಹೀಗಾದರೆ, ಓಡಿ ಮುಗಿಸಿ ಮತ್ಸ್ಯಗಂಧ ರೈಲು ಹಿಡಿದು ಊರಿಗೆ ಬಂದು, ಮರುದಿನವೇ ಕೆಲಸಕ್ಕೆ ಹೋಗುವ ನಮ್ಮ ನಿಮ್ಮಂಥವರಿಗೆ ಆಗುವುದರಲ್ಲಿ ಆಶ್ಚರ್ಯ ಇಲ್ಲ.

ಆ ಐದು ತಿಂಗಳು ನಿಮ್ಮನ್ನು ಎಬ್ಬಿಸುತ್ತಿದ್ದದ್ದು ಹುರುಪು ಅಂತ ನಿಮಗೆ ಅನಿಸುತ್ತಿದೆ. ನನಗೆ ಹಾಗೆ ಅನಿಸುವುದಿಲ್ಲ. ಬೆಳಿಗ್ಗೆ ಏಳಬೇಕಾ ಬೇಡವಾ ಅಂತ ಯೋಚಿಸುವ ಪ್ರಸಂಗವೇ ಆಗ ಇರಲಿಲ್ಲ. ಆ ತೀರ್ಮಾನ ಆಗಸ್ಟ್ ತಿಂಗಳಲ್ಲೇ, ಫೀಸು ಕಟ್ಟಿದ ದಿನವೇ ಆಗಿಹೋಗಿತ್ತು. ಮಂಗಳವಾರ ಎಷ್ಟು ಕಿಲೋಮೀಟರ್, ಭಾನುವಾರ ಎಷ್ಟು ಅಂತ ಚಾರ್ಟ್ ಹೇಳುತ್ತಿತ್ತು. ಅಜ್ಜರಕಾಡಿನಲ್ಲೋ ಮಲ್ಪೆಯಲ್ಲೋ ಯಾರೋ ಒಬ್ಬರು ಕಾಯುತ್ತಿದ್ದರು. ಈಗ ಮೂರೂ ಇಲ್ಲ. ಏಳಬೇಕೋ ಬೇಡವೋ ಅಂತ ದಿನಾ ಹೊಸದಾಗಿ ತೀರ್ಮಾನ ಮಾಡಬೇಕು, ಅದೂ ನಾಲ್ಕೂವರೆಗೆ, ಅರೆನಿದ್ದೆಯಲ್ಲಿ. ಆ ಹೊತ್ತಿನಲ್ಲಿ ಕೇಳಿದರೆ ಯಾವ ಮನಸ್ಸೂ ‘ಮಲಗು’ ಅಂತಲೇ ಹೇಳುತ್ತದೆ.

ಎರಡು ಸಲ ಅರ್ಧಕ್ಕೆ ನಿಲ್ಲಿಸಿದೆ ಅಂದಿರಲ್ಲ, ಅದಕ್ಕೆ ಇನ್ನೊಂದು ಕಾರಣವೂ ಇರಬಹುದು. ಸೆಕೆ. ನಿಮ್ಮ ತಯಾರಿಯ ಕೊನೆಯ ವಾರಗಳು ಕಳೆದದ್ದು ಡಿಸೆಂಬರ್ ಜನವರಿಯ ತಂಪು ಬೆಳಗುಗಳಲ್ಲಿ. ಈಗ ಮಾರ್ಚ್ ಬಂತು, ಸೂರ್ಯ ಹುಟ್ಟುವ ಮೊದಲೇ ಅಂಗಿ ಒದ್ದೆ. ಬೆವರು ಆರಿದರೆ ಮಾತ್ರ ಮೈ ತಣ್ಣಗಾಗುತ್ತದೆ. ನಮ್ಮ ಕಡಲ ಗಾಳಿಯಲ್ಲಿ ಮೊದಲೇ ನೀರು ತುಂಬಿರುವುದರಿಂದ ಅದು ಆರುವುದಿಲ್ಲ, ಇಳಿದು ಸಾಕ್ಸ್ ಸೇರುತ್ತದೆ. ಮೈ ತಂಪು ಮಾಡಲು ರಕ್ತ ಚರ್ಮದ ಕಡೆಗೆ ಹೋಗುತ್ತದೆ, ಹೃದಯ ಹೆಚ್ಚು ಬಡಿಯುತ್ತದೆ. ಜನವರಿಯ ಅದೇ ವೇಗಕ್ಕೆ ಮಾರ್ಚ್‌ನಲ್ಲಿ ಉಸಿರು ಕಟ್ಟುತ್ತದೆ. ವಾಚ್ ಮಾತ್ರ ಇದನ್ನೆಲ್ಲ ಹೇಳುವುದಿಲ್ಲ, ‘ನೀವು ನಿಧಾನ’ ಅಂತಷ್ಟೇ ಹೇಳುತ್ತದೆ. ಸೆಕೆಗೆ ಮೈ ಒಗ್ಗಲು ಹತ್ತರಿಂದ ಹದಿನಾಲ್ಕು ದಿನ ಬೇಕು, ಅದೂ ದಿನಾ ಸ್ವಲ್ಪ ಸ್ವಲ್ಪ ಹೊರಗೆ ಹೋದರೆ. ಒಂದು ತಿಂಗಳ ಮಟ್ಟಿಗೆ ವಾಚ್ ಡ್ರಾಯರ್‌ನಲ್ಲಿ ಇಡಿ.

‘ಇಷ್ಟು ದಿನ ಬಿಟ್ಟರೆ ಮಾಡಿದ್ದೆಲ್ಲ ಹೋಯಿತಲ್ಲ’ ಅನ್ನುವ ಹೆದರಿಕೆಯೂ ಎಲ್ಲರಿಗೂ ಇರುತ್ತದೆ. ಎಷ್ಟು ಹೋಗುತ್ತದೆ? 1984ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಚೆನ್ನಾಗಿ ಪಳಗಿದ ಏಳು ಮಂದಿ ಅಭ್ಯಾಸವನ್ನು ಪೂರ್ತಿ ನಿಲ್ಲಿಸಿದರು. ಮೈ ಆಮ್ಲಜನಕ ಬಳಸುವ ಗರಿಷ್ಠ ಸಾಮರ್ಥ್ಯ ಮೊದಲ 21 ದಿನಗಳಲ್ಲಿ ಶೇಕಡಾ 7ರಷ್ಟು ಇಳಿಯಿತು, 56 ದಿನಗಳ ಹೊತ್ತಿಗೆ ಶೇಕಡಾ 16. ಅಲ್ಲಿಗೆ ನಿಂತಿತು. 84 ದಿನ ಕಳೆದರೂ ಮತ್ತೆ ಇಳಿಯಲಿಲ್ಲ. ಸ್ನಾಯುಗಳೊಳಗೆ ಬೆಳೆದಿದ್ದ ಸೂಕ್ಷ್ಮ ರಕ್ತನಾಳಗಳೂ ಹಾಗೇ ಉಳಿದಿದ್ದವು. ಮೊದಲು ಇಳಿಯುವುದು ಮುಖ್ಯವಾಗಿ ರಕ್ತದ ನೀರಿನಂಶ, ಮತ್ತೆ ಅಭ್ಯಾಸ ಶುರುಮಾಡಿದರೆ ಬೇಗ ವಾಪಸ್ ಬರುವುದೂ ಅದೇ. ಅಂದರೆ ಐದು ತಿಂಗಳ ದುಡಿಮೆ ನೀರಲ್ಲಿ ಹೋಮ ಆಗಿಲ್ಲ.

ಈಗ ಏನು ಮಾಡುವುದು? ಮತ್ತೆ ಯಕ್ಷಗಾನಕ್ಕೇ ಬರುತ್ತೇನೆ. ಪತ್ತನಾಜೆ ಆದ ಮೇಲೆ ಎಲ್ಲ ಕಲಾವಿದರೂ ಸುಮ್ಮನೆ ಕೂರುವುದಿಲ್ಲ. ಮಳೆಗಾಲದಲ್ಲಿ ಚಿಕ್ಕಮೇಳ ಹೊರಡುತ್ತದೆ. ಭಾಗವತರು, ಚೆಂಡೆ ಮದ್ದಳೆ, ಒಂದೆರಡು ವೇಷ. ಸಂಜೆ ಮನೆ ಮನೆಗೆ ಬಂದು ದೀಪದ ಎದುರು ಕಾಲು ಗಂಟೆಯಷ್ಟು ಆಡಿ ಮುಂದಿನ ಮನೆಗೆ. ರಂಗಸ್ಥಳ ಇಲ್ಲ, ಇಡೀ ರಾತ್ರಿಯ ಪ್ರಸಂಗ ಇಲ್ಲ. ಆದರೆ ಕಾಲಿಗೆ ತಾಳ ಮರೆಯುವುದಿಲ್ಲ.

ನಿಮಗೂ ಬೇಕಾದದ್ದು ಚಿಕ್ಕಮೇಳ. ಇದು ಬರೀ ಮಾತಿನ ಹೋಲಿಕೆ ಅಲ್ಲ. 1980ರ ದಶಕದ ಶುರುವಿನಲ್ಲಿ ಅಮೆರಿಕದಲ್ಲಿ ಕೆಲವು ಪ್ರಯೋಗ ನಡೆದವು. ವಾರಕ್ಕೆ ಆರು ದಿನ, ದಿನಕ್ಕೆ 40 ನಿಮಿಷ ಕಷ್ಟದ ವ್ಯಾಯಾಮ ಮಾಡುತ್ತಿದ್ದವರಲ್ಲಿ ಕೆಲವರು ದಿನಗಳನ್ನು ಎರಡಕ್ಕೆ ಇಳಿಸಿದರು. ಇನ್ನೊಂದು ಪ್ರಯೋಗದಲ್ಲಿ ದಿನ ಅಷ್ಟೇ ಇಟ್ಟು ಅವಧಿಯನ್ನು 13 ನಿಮಿಷಕ್ಕೆ ಇಳಿಸಿದರು. 15 ವಾರ ಕಳೆದರೂ ಎರಡೂ ಗುಂಪಿನ ಆಮ್ಲಜನಕದ ಸಾಮರ್ಥ್ಯ ಬೀಳಲಿಲ್ಲ. ಶರತ್ತು ಒಂದೇ, ಮಾಡುವಷ್ಟು ಹೊತ್ತು ಜೋರು ಕಡಿಮೆ ಮಾಡಬಾರದು. 13 ನಿಮಿಷದವರಿಗೆ ತುಂಬಾ ಹೊತ್ತು ತಾಳುವ ಶಕ್ತಿ ಸ್ವಲ್ಪ ತಗ್ಗಿತು, ಅದು ನಿಜ. ಆದರೆ ಈಗ ನಿಮಗೆ ಮೂರು ಗಂಟೆ ಓಡುವ ಅಗತ್ಯ ಏನಿದೆ?

ಹಾಗಾಗಿ ವಾರಕ್ಕೆ ಮೂರೇ ದಿನ, ದಿನಕ್ಕೆ ಇಪ್ಪತ್ತೇ ನಿಮಿಷ. ಮೊದಲ ಎರಡು ವಾರ ಮಾತಾಡಿಕೊಂಡು ಓಡುವಷ್ಟು ನಿಧಾನ. ಆಮೇಲೆ ಒಂದು ದಿನ ಮಧ್ಯದಲ್ಲಿ ಒಂದೊಂದು ನಿಮಿಷದ ಜೋರು ಓಟ, ನಾಲ್ಕೈದು ಸಲ, ನಡುನಡುವೆ ನಡಿಗೆ. ಇಪ್ಪತ್ತು ನಿಮಿಷ ಆಯಿತಾ, ನಿಲ್ಲಿಸಿ. ‘ಇನ್ನೂ ಓಡಬಹುದಿತ್ತು’ ಅನಿಸಿದರೂ ನಿಲ್ಲಿಸಿ. ಆ ಆಸೆಯನ್ನು ನಾಡಿದ್ದಿಗೆ ಉಳಿಸಿಕೊಳ್ಳಿ, ಈಗ ನಿಮ್ಮಲ್ಲಿ ಕಡಿಮೆ ಇರುವುದೇ ಅದು. ನಾಲ್ಕೂವರೆಯ ಅಲಾರಾಂ ತೆಗೆದುಬಿಡಿ. ಇಪ್ಪತ್ತು ನಿಮಿಷಕ್ಕೆ ಆರು ಗಂಟೆ ಸಾಕು, ಇಲ್ಲವೇ ಬಿಸಿಲು ಇಳಿದ ಮೇಲೆ ಸಂಜೆ ಹೋಗಿ.

ದಾರಿಯನ್ನೂ ಬದಲಿಸಿ. ತರಬೇತಿಗೆ ಓಡಿದ ಅದೇ ರಸ್ತೆಯಲ್ಲಿ ಹೋದರೆ ಪ್ರತಿ ಲೈಟ್ ಕಂಬವೂ ಹಳೆ ವೇಗವನ್ನು ನೆನಪಿಸುತ್ತದೆ. ಮಣಿಪಾಲದ ಮಣ್ಣಪಳ್ಳ ಕೆರೆಯ ಸುತ್ತ ಹೋಗಿ. ಪಡುಕೆರೆಗೆ ಹೋಗಿ. ಕಡಲ ಬದಿಯಲ್ಲಾದರೆ ಇಳಿತದ ಹೊತ್ತು ನೋಡಿಕೊಂಡು ಒದ್ದೆ ಮರಳಿನ ಮೇಲೆ ಓಡಿ, ಒಣ ಮರಳಲ್ಲಿ ಮೀನಖಂಡಕ್ಕೆ ಪೆಟ್ಟು. ಮರಳು ನೀರಿನ ಕಡೆಗೆ ಇಳಿಜಾರಾಗಿರುವುದರಿಂದ ಹೋದ ದಾರಿಯಲ್ಲೇ ತಿರುಗಿ ಬನ್ನಿ, ಆಗ ಎರಡೂ ಕಾಲಿಗೆ ಪಾಲು ಸಮ. ಜೊತೆಗೆ ಒಬ್ಬರನ್ನು ಹಿಡಿಯಿರಿ, ನಿಮಗಿಂತ ನಿಧಾನ ಓಡುವವರಾದರೆ ಇನ್ನೂ ಒಳ್ಳೆಯದು. ಓಟದ ಕೊನೆ ಯಾವುದಾದರೂ ಹೋಟೆಲಿನ ಬಾಗಿಲಲ್ಲಿ ಆಗಲಿ. ಬನ್ಸ್ ಮತ್ತು ಚಾ ಎದುರು ನೋಡುತ್ತಿದ್ದರೆ ಕಾಲು ತಾನಾಗಿ ಏಳುತ್ತದೆ. ನಾನಂತೂ ಎಷ್ಟೋ ತಿಂಗಳು ಓಡಿದ್ದು ಬರೀ ಬನ್ಸಿಗಾಗಿ, ಹೇಳಿಕೊಳ್ಳಲು ನಾಚಿಕೆ ಇಲ್ಲ.

ಇಷ್ಟು ಹೇಳುವ ನಾನು ಇದೇ ತಪ್ಪು ಮಾಡಿದವನು. ಮೊದಲ ಹಾಫ್ ಮ್ಯಾರಥಾನ್ ಮುಗಿದ ರಾತ್ರಿಯೇ, ಕಾಲು ಬಕೆಟ್ಟಿನ ಬಿಸಿನೀರಲ್ಲಿ ಇರುವಾಗಲೇ, ಐದು ವಾರದ ನಂತರದ ಇನ್ನೊಂದು ಓಟಕ್ಕೆ ಫೋನಿನಲ್ಲಿ ದುಡ್ಡು ಕಟ್ಟಿದೆ. ಹುರುಪು ಆರುವ ಮೊದಲೇ ಬಳಸಿಕೊಳ್ಳಬೇಕು ಅನ್ನುವ ಲೆಕ್ಕಾಚಾರ. ಮೂರನೇ ವಾರ ಕದ್ರಿ ಗುಡ್ಡೆಯ ಏರಿನಲ್ಲಿ ಮೀನಖಂಡ ಹಿಡಿದುಕೊಂಡಿತು, ಮನೆಗೆ ರಿಕ್ಷಾದಲ್ಲಿ ಬಂದೆ. ಆಮೇಲೆ ನಾಲ್ಕು ತಿಂಗಳು ಶೂ ಮುಟ್ಟಲಿಲ್ಲ. ಪಕ್ಕದ ಮನೆಯವರು ದಿನಾ ಗೇಟಿನಲ್ಲಿ ‘ಎಂತ ಮಾರಾಯ್ರೆ, ಈಗ ಓಡುದಿಲ್ವಾ?’ ಅಂತ ಕೇಳುತ್ತಿದ್ದರು. ನಾನು ಹಿಂದಿನ ಬಾಗಿಲಿನಿಂದ ಹೋಗಲು ಶುರುಮಾಡಿದೆ.

ಹಾಗಾಗಿ ಮುಂದಿನ ಮ್ಯಾರಥಾನಿಗೆ ಹೆಸರು ಕೊಡಿ ಅಂತ ನಾನು ಹೇಳುವುದಿಲ್ಲ. ಕೆಲವರಿಗೆ ಅದು ಕೆಲಸ ಮಾಡುತ್ತದೆ, ಒಪ್ಪುತ್ತೇನೆ. ಆದರೆ ಹುರುಪಿಲ್ಲದಾಗ ಹೆಸರು ಕೊಟ್ಟರೆ ಅದು ಇನ್ನೊಂದು ಸಾಲದ ಕಂತು. ಕ್ಯಾಲೆಂಡರ್ ತೆಗೆದು ಪತ್ತನಾಜೆಗೆ ಗುರುತು ಹಾಕಿ. ಅಲ್ಲಿಯವರೆಗೆ ಚಿಕ್ಕಮೇಳ ಮಾತ್ರ. ಮೇಳದವರ ತಿರುಗಾಟ ಅಂದು ನಿಲ್ಲುತ್ತದೆ, ನಿಮ್ಮದು ಅಂದು ಶುರು, ತಿರುಗಾಮುರುಗಾ ಆದರೂ ಅಡ್ಡಿ ಇಲ್ಲ. ಅವತ್ತು ಕುಳಿತು ಮುಂದಿನದ್ದು ಏನು ಅಂತ ಯೋಚಿಸಿ. ಅದು 42 ಕಿಲೋಮೀಟರೇ ಆಗಬೇಕಾಗಿಲ್ಲ. 10 ಕಿಲೋಮೀಟರ್ ಬೇಗ ಓಡುವುದು ಬೇರೆಯದೇ ಆಟ. ಬ್ಯಾಡ್ಮಿಂಟನ್ ಆದರೂ ಸರಿ.

ಒಂದು ಎಚ್ಚರಿಕೆ ಮಾತ್ರ ಗಂಭೀರವಾಗಿ ಹೇಳಬೇಕು. ಓಡಲು ಮಾತ್ರ ಮನಸ್ಸಿಲ್ಲ, ಉಳಿದದ್ದೆಲ್ಲ ಸರಿ ಅಂದರೆ ಮೇಲೆ ಹೇಳಿದ್ದು ಸಾಕು. ಆದರೆ ಮೆಟ್ಟಿಲು ಹತ್ತಿದರೂ ಸುಸ್ತು, ಬೆಳಿಗ್ಗೆ ಏಳುವಾಗಲೇ ನಾಡಿ ಮೊದಲಿಗಿಂತ ಜೋರು ಅಂತಿದ್ದರೆ ಡಾಕ್ಟರಿಗೆ ತೋರಿಸಿ. ಹಿಮೋಗ್ಲೋಬಿನ್ ಜೊತೆಗೆ ಫೆರಿಟಿನ್ (ಮೈಯಲ್ಲಿರುವ ಕಬ್ಬಿಣದ ದಾಸ್ತಾನಿನ ಲೆಕ್ಕ), ಥೈರಾಯ್ಡ್, ಬಿ12 ಕೂಡ ನೋಡಬಹುದಾ ಅಂತ ಕೇಳಿ. ದೂರ ಓಡುವ ಹೆಂಗಸರಲ್ಲಿ ಕಬ್ಬಿಣದ ಅಂಶ ಕಡಿಮೆಯಾಗುವುದು ತುಂಬಾ ಸಾಮಾನ್ಯ, ಅದನ್ನು ಸೋಮಾರಿತನ ಅಂತ ತಿಳಿದು ತಿಂಗಳುಗಟ್ಟಲೆ ಬೈದುಕೊಂಡವರಿದ್ದಾರೆ. ಇನ್ನು ಊಟ, ನಿದ್ದೆ, ಮಕ್ಕಳ ಮಾತು, ಯಾವುದರಲ್ಲೂ ರುಚಿ ಇಲ್ಲದೆ ಎರಡು ವಾರ ಕಳೆದರೆ ಅದು ಓಟದ ವಿಷಯವೇ ಅಲ್ಲ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ, ದುಡ್ಡು ಇಲ್ಲ, ಹಗಲು ರಾತ್ರಿ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.

ಮತ್ತೆ, ಹೊರಡುವ ಮೊದಲು ಶೂ ತಿರುಗಿಸಿ ಅಡಿ ನೋಡಿ. ಸಾಮಾನ್ಯವಾಗಿ ಒಂದು ಜೊತೆ 500ರಿಂದ 800 ಕಿಲೋಮೀಟರ್ ಬಾಳುತ್ತದೆ, ಐದು ತಿಂಗಳ ತಯಾರಿಯಲ್ಲಿ ನಿಮ್ಮದು ಅಷ್ಟನ್ನು ಮುಗಿಸಿರಲಿಕ್ಕೂ ಸಾಕು. ಹೊಸದು ತಂದರೂ ಹಳೆಯದನ್ನು ಬಿಸಾಡಬೇಡಿ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಕೆಸರಿಗೆ ಅದೇ ಬೇಕು. ಓಡಿ ಬಂದ ಕೂಡಲೇ ಒಳಗೆ ಹಳೆ ಪೇಪರ್ ತುರುಕಿ ಇಡಿ, ಇಲ್ಲದಿದ್ದರೆ ಮಳೆಗಾಲದ ಆಟಿ ತಿಂಗಳಿಗೆ ಅದರಲ್ಲಿ ಅಣಬೆ ಏಳುತ್ತದೆ.