ಹಾವರ್ತ್‌ನ ಪಾದ್ರಿ ಮನೆತನ: ತಮ್ಮದಲ್ಲದ ಮನೆಯಲ್ಲಿ 41 ವರ್ಷ

ಇಂಗ್ಲೆಂಡಿನ ಯಾರ್ಕ್‌ಷೈರ್ ಗುಡ್ಡಗಳ ನಡುವಿನ ಹಾವರ್ತ್‌ಗೆ ಇವತ್ತು ಜನ ಹೋಗುವುದು ಕಾದಂಬರಿ ಬರೆದ ಮೂವರು ಅಕ್ಕತಂಗಿಯರ ಹೆಸರಿಗಾಗಿ. ನಮ್ಮಲ್ಲೂ ಇಂಗ್ಲಿಷ್ ಎಂ.ಎ. ಓದಿದವರಿಗೆ ಬ್ರಾಂಟೆ ಅಂದರೆ ಷಾರ್ಲೆಟ್, ಎಮಿಲಿ, ಆನ್. ಅವರಪ್ಪ ಪ್ಯಾಟ್ರಿಕ್, 1820ರಿಂದ 1861ರವರೆಗೆ ಆ ಊರಿನ ಪಾದ್ರಿ, ಕಥೆಯ ಅಂಚಿನಲ್ಲಿ ಸಿಡುಕು ಮುದುಕನಾಗಿ ಬಂದು ಹೋಗುತ್ತಾನೆ. ಆರು ಮಕ್ಕಳೂ ಅವನ ಕಣ್ಣೆದುರೇ ತೀರಿಕೊಂಡದ್ದನ್ನು ಮನೆತನದ ಶಾಪ ಎಂಬಂತೆ ಹೇಳುವ ರೂಢಿ ಬಿದ್ದುಬಿಟ್ಟಿದೆ. ಶಾಪವೂ ಇಲ್ಲ, ಗೀಪವೂ ಇಲ್ಲ. ಬಡ ಪಾದ್ರಿಯೊಬ್ಬನ ನೌಕರಿಯ ಷರತ್ತುಗಳನ್ನು ನೋಡಿದರೆ ಆ ಕುಟುಂಬದ ಕಥೆಯ ಮುಕ್ಕಾಲು ಪಾಲು ಅಲ್ಲೇ ಸಿಗುತ್ತದೆ.

ಪ್ಯಾಟ್ರಿಕ್ ಹುಟ್ಟಿದ್ದು 1777ರ ಮಾರ್ಚ್ 17ರಂದು, ಐರ್ಲೆಂಡಿನ ಕೌಂಟಿ ಡೌನ್‌ನ ಎಮ್‌ಡೇಲ್ ಎಂಬ ಹಳ್ಳಿಯಲ್ಲಿ. ಅಪ್ಪ ಹ್ಯೂ ಬ್ರಂಟಿ ರೈತಕೂಲಿ. ಹತ್ತು ಮಕ್ಕಳಲ್ಲಿ ಇವನೇ ಹಿರಿಯ. ಕಮ್ಮಾರನ ಕೈಕೆಳಗೆ ದುಡಿದ, ನಾರುಬಟ್ಟೆ ನೇಯ್ದ, ಹದಿಹರೆಯದಲ್ಲೇ ಶಾಲೆ ಮೇಷ್ಟ್ರಾದ. ಊರಿನ ಪಾದ್ರಿ ಥಾಮಸ್ ಟೈ ತನ್ನ ಮಕ್ಕಳಿಗೆ ಪಾಠ ಹೇಳಲು ಇಟ್ಟುಕೊಂಡು, ಇವನಿಗೆ ಕೇಂಬ್ರಿಜ್ ದಾರಿ ತೋರಿಸಿದ. 1802ರಲ್ಲಿ ಸೇಂಟ್ ಜಾನ್ಸ್ ಕಾಲೇಜಿಗೆ ಸೇರಿದ್ದು ‘ಸೈಜರ್’ ಆಗಿ, ಅಂದರೆ ಅರ್ಧಂಬರ್ಧ ಫೀಜಿನ ಬಡ ವಿದ್ಯಾರ್ಥಿಯಾಗಿ. ಅಲ್ಲಿಂದ ಮುಂದೆ ಬ್ರಂಟಿ ಹೋಗಿ ಬ್ರಾಂಟೆ ಬಂತು.

ಅಷ್ಟಾದರೂ ದುಡ್ಡು ಸಾಲುತ್ತಿರಲಿಲ್ಲ. 1804ರಲ್ಲಿ ಅದೇ ಕಾಲೇಜಿನ ಹೆನ್ರಿ ಮಾರ್ಟಿನ್ ಈ ಹುಡುಗನ ಪರವಾಗಿ ವಿಲಿಯಂ ವಿಲ್ಬರ್‌ಫೋರ್ಸ್‌ಗೆ ಪತ್ರ ಬರೆದ. ಗುಲಾಮರ ವ್ಯಾಪಾರದ ವಿರುದ್ಧ ಪಾರ್ಲಿಮೆಂಟಿನಲ್ಲಿ ಹೋರಾಡುತ್ತಿದ್ದವನು ಇದೇ ವಿಲ್ಬರ್‌ಫೋರ್ಸ್. ಅವನೂ ಗೆಳೆಯ ಹೆನ್ರಿ ಥಾರ್ನ್‌ಟನ್ನನೂ ವರ್ಷಕ್ಕೆ ತಲಾ 10 ಪೌಂಡ್ ಕೊಟ್ಟರು. (ಮಾರ್ಟಿನ್ ಮುಂದೆ ಈಸ್ಟ್ ಇಂಡಿಯಾ ಕಂಪನಿಯ ಪಾದ್ರಿಯಾಗಿ ದಾನಾಪುರ, ಕಾನ್ಪುರಗಳಲ್ಲಿದ್ದು ಹೊಸ ಒಡಂಬಡಿಕೆಯನ್ನು ಉರ್ದುವಿಗೆ ತಂದವನು.) 1806ರಲ್ಲಿ ಪದವಿ ಸಿಕ್ಕಿತು. ಆಮೇಲೆ ಎಸೆಕ್ಸ್, ಶ್ರಾಪ್‌ಷೈರ್ ಸುತ್ತಿ ಯಾರ್ಕ್‌ಷೈರಿಗೆ ಬಂದ. 1812ರಲ್ಲಿ ಹಾರ್ಟ್ಸ್‌ಹೆಡ್‌ನಲ್ಲಿದ್ದಾಗ ನೆರೆಯ ರಾಫೋಲ್ಡ್ಸ್ ಮಿಲ್ಲಿನ ಮೇಲೆ ಯಂತ್ರಗಳಿಂದ ಕೆಲಸ ಕಳೆದುಕೊಂಡು ಅವನ್ನು ಒಡೆಯಲು ಹೊರಟಿದ್ದ ಲಡೈಟ್ ಕೂಲಿಗಳ ದಾಳಿಯಾಯಿತು. ರಾತ್ರಿ ಪಿಸ್ತೂಲಿಗೆ ಮದ್ದು ತುಂಬಿಟ್ಟು ಬೆಳಿಗ್ಗೆ ಕಿಟಕಿಯಿಂದಾಚೆ ಹಾರಿಸಿ ಖಾಲಿ ಮಾಡುವ ಅಭ್ಯಾಸ ಅವನಿಗೆ ಹತ್ತಿದ್ದು ಆ ದಿನಗಳಿಂದ. ಆಮೇಲಿನವರು ಇದನ್ನೇ ಅವನ ಸಿಟ್ಟಿಗೆ ಸಾಕ್ಷಿ ಮಾಡಿದರು.

ಅದೇ ವರ್ಷ ಡಿಸೆಂಬರ್ 29ಕ್ಕೆ, ಪೆನ್ಜಾನ್ಸ್‌ನ ವ್ಯಾಪಾರಿ ಮನೆತನದ ಮರಿಯಾ ಬ್ರಾನ್ವೆಲ್ ಜತೆ ಮದುವೆ. ಅವತ್ತು ಗೈಸ್ಲೀ ಚರ್ಚಿನಲ್ಲಿ ಆದದ್ದು ಎರಡು ಮದುವೆ. ಇನ್ನೊಬ್ಬ ವರ ವಿಲಿಯಂ ಮಾರ್ಗನ್ ಕೂಡ ಪಾದ್ರಿಯೇ. ಇವನ ಮದುವೆ ಅವನು ಮಾಡಿಸಿದ, ಅವನದನ್ನು ಇವನು. ಎಂಟು ವರ್ಷದೊಳಗೆ ಆರು ಮಕ್ಕಳು: ಮರಿಯಾ, ಎಲಿಜಬೆತ್, ಷಾರ್ಲೆಟ್, ಒಬ್ಬನೇ ಮಗ ಬ್ರಾನ್ವೆಲ್, ಎಮಿಲಿ, ಆನ್.

ಹಾವರ್ತ್ ಸುಲಭಕ್ಕೆ ದಕ್ಕಲಿಲ್ಲ. ಪಾದ್ರಿಯನ್ನು ನೇಮಿಸುವ ಹಕ್ಕು ತನ್ನದೆಂದು ಬ್ರಾಡ್‌ಫರ್ಡ್‌ನ ವಿಕಾರ್ (ಮೇಲಿನ ಪಾದ್ರಿ), ಸಂಬಳ ಹುಟ್ಟುವ ಜಮೀನು ನಮ್ಮ ಕೈಯಲ್ಲಿದೆ, ಒಪ್ಪಿಗೆಯೂ ನಮ್ಮದೇ ಎಂದು ಊರ ಟ್ರಸ್ಟಿಗಳು. 1819ರಲ್ಲಿ ವಿಕಾರ್ ಹೆಸರಿಸಿದ ಪ್ಯಾಟ್ರಿಕ್ ಈ ಜಗಳದಲ್ಲಿ ಹಿಂದೆ ಸರಿದ. ಮುಂದೆ ಕಳಿಸಿದ ಸ್ಯಾಮ್ಯುಯೆಲ್ ರೆಡ್‌ಹೆಡ್‌ಗೆ ಜನ ಮರದ ಮೆಟ್ಟು ಕುಟ್ಟುತ್ತ ಚರ್ಚಿನಿಂದ ಎದ್ದು ನಡೆದರು. ಕೆಲವೇ ವಾರದಲ್ಲಿ ಅವನೂ ಬಿಟ್ಟ. ಕೊನೆಗೆ ಎರಡೂ ಕಡೆಯವರು ರಾಜಿಯಾಗಿ, 1820ರಲ್ಲಿ ಪ್ಯಾಟ್ರಿಕ್‌ನನ್ನೇ ಕರೆದರು. ಅವನಿಗೆ ಸಿಕ್ಕ ಹುದ್ದೆ ಪರ್ಪೆಚುಯಲ್ ಕ್ಯುರೇಟ್. ಬದುಕಿರುವವರೆಗೆ ಕೆಲಸ, ಕೆಲಸವಿರುವವರೆಗೆ ಮನೆ. ಸರಕಾರಿ ಕ್ವಾರ್ಟರ್ಸ್‌ನಲ್ಲಿ ಬೆಳೆದವರಿಗೆ ಇದರ ಅಳುಕು ಬಿಡಿಸಿ ಹೇಳಬೇಕಿಲ್ಲ: ಅಪ್ಪ ಕಣ್ಮುಚ್ಚಿದ ದಿನವೇ ಹೆಣ್ಣುಮಕ್ಕಳು ಗಂಟುಮೂಟೆ ಕಟ್ಟಬೇಕು.

1821ರ ಸೆಪ್ಟೆಂಬರಿನಲ್ಲಿ ಹೆಂಡತಿ ತೀರಿಕೊಂಡಳು. ಅವಳ ಅಕ್ಕ ಎಲಿಜಬೆತ್ ಬ್ರಾನ್ವೆಲ್ ಬಂದು ಮಕ್ಕಳನ್ನು ನೋಡಿಕೊಂಡಳು. ಓದು ಬರಹ ಇಲ್ಲದಿದ್ದರೆ ನಾಳೆ ಇವರಿಗೆ ಅನ್ನವಿಲ್ಲ ಎಂಬ ಲೆಕ್ಕದಲ್ಲೇ ಬಡ ಪಾದ್ರಿಗಳ ಹೆಣ್ಣುಮಕ್ಕಳಿಗೆಂದು ಕೋವನ್ ಬ್ರಿಡ್ಜ್‌ನಲ್ಲಿ ತೆರೆದಿದ್ದ ಶಾಲೆಗೆ, 1824ರಲ್ಲಿ ನಾಲ್ವರನ್ನು ಕಳಿಸಿದ. ವರ್ಷಕ್ಕೆ 14 ಪೌಂಡ್ ಫೀಜು. ಮರುವರ್ಷ ಮೇ ತಿಂಗಳಲ್ಲಿ ಮರಿಯಾ, ಜೂನ್‌ನಲ್ಲಿ ಎಲಿಜಬೆತ್, ಇಬ್ಬರೂ ಕ್ಷಯಕ್ಕೆ ಬಲಿಯಾದರು. ಷಾರ್ಲೆಟ್, ಎಮಿಲಿಯರನ್ನು ಮನೆಗೆ ಕರೆತಂದ.

ಈ ಅಪ್ಪ ಮಕ್ಕಳನ್ನು ಬೆಳೆಸಿದ ಬಗೆಗೆ ಅವನೇ ಬರೆದ ಒಂದು ಪ್ರಸಂಗ ಉಳಿದಿದೆ. ಎದುರಿಗೆ ನಿಂತರೆ ಸಂಕೋಚಪಡುತ್ತಾರೆಂದು ಒಂದು ಮುಖವಾಡ ಕೊಟ್ಟು, ಅದರ ಹಿಂದಿನಿಂದ ಧೈರ್ಯವಾಗಿ ಮಾತಾಡಿ ಎಂದ. ನಾಲ್ಕರ ಆಸುಪಾಸಿನ ಆನ್‌ಗೆ, ನಿನ್ನಂಥ ಮಗುವಿಗೆ ಮುಖ್ಯವಾಗಿ ಬೇಕಾದ್ದೇನು ಎಂದು ಕೇಳಿದ. ವಯಸ್ಸು ಮತ್ತು ಅನುಭವ, ಅಂದಳು. ಬ್ರಾನ್ವೆಲ್ ತಂಟೆ ಮಾಡಿದರೆ ಏನು ಮಾಡಲಿ ಎಂದು ಎಮಿಲಿಗೆ ಕೇಳಿದ. ಬುದ್ಧಿ ಹೇಳಿ, ಕೇಳದಿದ್ದರೆ ಬಾರಿಸಿ ಎಂಬ ಉತ್ತರ ಬಂತು. ಇದು ಸಿಡುಕು ಮುದುಕನ ಮನೆ ಅನಿಸುವುದಿಲ್ಲ.

ಮಕ್ಕಳು ದೊಡ್ಡವರಾಗುತ್ತಲೇ ಮನೆಪಾಠದ ಗವರ್ನೆಸ್, ಟೀಚರ್ ಕೆಲಸಗಳಿಗೆ ಊರೂರು ಅಲೆದರು. 1844ರಲ್ಲಿ ಅಕ್ಕತಂಗಿಯರು ಪಾದ್ರಿ ಮನೆಯಲ್ಲೇ ಶಾಲೆ ತೆರೆಯುತ್ತೇವೆಂದು ಕರಪತ್ರ ಅಚ್ಚು ಹಾಕಿಸಿದರು. ಒಬ್ಬಳೇ ಒಬ್ಬ ವಿದ್ಯಾರ್ಥಿನಿ ಬರಲಿಲ್ಲ. ಅಷ್ಟರಲ್ಲಿ ಅಪ್ಪನ ಕಣ್ಣಿಗೆ ಪೊರೆ ಬಂತು. 1846ರ ಆಗಸ್ಟ್‌ನಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಶಸ್ತ್ರಚಿಕಿತ್ಸೆ. ಈಥರ್ ಬಳಕೆಗೆ ಬರಲು ಇನ್ನೂ ಕೆಲವು ವಾರ ಬಾಕಿ ಇತ್ತು. ಅರಿವಳಿಕೆಯಿಲ್ಲದೆ ಕಾಲು ಗಂಟೆ ಮಲಗಿದ. ಆ ವಿವರವನ್ನೆಲ್ಲ ತನ್ನ ಮನೆಮದ್ದಿನ ಪುಸ್ತಕದ ಅಂಚಿನಲ್ಲಿ ಟಿಪ್ಪಣಿ ಮಾಡಿಟ್ಟ. ಕತ್ತಲೆ ಕೋಣೆಯಲ್ಲಿ ಅವನ ಆರೈಕೆಗೆ ಕೂತ ಷಾರ್ಲೆಟ್ ‘ಜೇನ್ ಏರ್’ ಕಾದಂಬರಿ ಬರೆಯಲು ಶುರುಮಾಡಿದ್ದು ಆಗಲೇ.

ಆಮೇಲೆ ಎಂಟು ತಿಂಗಳಲ್ಲಿ ಮೂರು ಸಾವು. 1848ರ ಸೆಪ್ಟೆಂಬರ್‌ನಲ್ಲಿ ಬ್ರಾನ್ವೆಲ್, ಡಿಸೆಂಬರ್‌ನಲ್ಲಿ ಎಮಿಲಿ, 1849ರ ಮೇನಲ್ಲಿ ಆನ್. ಅದೇ ಆಗಸ್ಟ್‌ನಲ್ಲಿ, ಎಪ್ಪತ್ತೆರಡರ ಪ್ಯಾಟ್ರಿಕ್ ಮಾಡಿದ್ದೇನು? ಊರ ತೆರಿಗೆದಾರರ ಸಹಿ ಹಾಕಿಸಿ, ಕುಡಿಯುವ ನೀರಿನ ಸ್ಥಿತಿ ಪರಿಶೀಲಿಸಿ ಎಂದು ಲಂಡನ್ನಿನ ಆರೋಗ್ಯ ಮಂಡಳಿಗೆ ಅರ್ಜಿ ಕಳಿಸಿದ. 1850ರಲ್ಲಿ ಬಂದ ಇನ್‌ಸ್ಪೆಕ್ಟರ್ ಬೆಂಜಮಿನ್ ಹರ್ಷೆಲ್ ಬ್ಯಾಬೇಜ್, ಗಣಕಯಂತ್ರದ ಕನಸು ಕಂಡ ಚಾರ್ಲ್ಸ್ ಬ್ಯಾಬೇಜ್‌ನ ಮಗ. ಅವನ ವರದಿ ಓದಿದರೆ ಹೊಟ್ಟೆ ತೊಳಸುತ್ತದೆ. ಸಾಯುವವರ ಸರಾಸರಿ ವಯಸ್ಸು 25.8. ಹುಟ್ಟಿದವರಲ್ಲಿ 41ಕ್ಕೂ ಹೆಚ್ಚು ಶೇಕಡಾ ಮಕ್ಕಳು ಆರು ತುಂಬುವ ಮೊದಲೇ ಮಣ್ಣಿಗೆ. ಇಡೀ ಊರಿಗೆ 69 ಪಾಯಿಖಾನೆ. ಒಂದು ಬುಗ್ಗೆಯ ನೀರು ಹಸಿರುಗಟ್ಟಿ ನಾತ ಬಂದು ದನವೂ ಮೂತಿ ತಿರುಗಿಸುತ್ತಿತ್ತು. ಸೋಮವಾರ ಬಟ್ಟೆ ಒಗೆಯಲು ನೀರು ಬೇಕೆಂದರೆ ಹೆಂಗಸರು ಬೆಳಗಿನ ಜಾವ ಎರಡಕ್ಕೇ ಹೋಗಿ ಸಾಲು ನಿಲ್ಲಬೇಕು. ಪಾದ್ರಿ ಮನೆಯ ಮುಂದಿನ ಸ್ಮಶಾನ ತುಂಬಿ ತುಳುಕುತ್ತಿತ್ತು. ಚಪ್ಪಟೆ ಕಲ್ಲು ಹಾಸಿದ್ದರಿಂದ ಗಿಡ ಬೆಳೆಯದೆ, ಮಣ್ಣು ಉಸಿರಾಡದೆ ಹೆಣಗಳು ಬೇಗ ಕರಗುತ್ತಲೂ ಇರಲಿಲ್ಲ.

ಬ್ರಾಂಟೆ ಮಕ್ಕಳನ್ನು ಕೊಂದದ್ದು ನೇರವಾಗಿ ಈ ನೀರೇ ಎನ್ನುವುದು ಸರಿಯಲ್ಲ, ಅವರ ಕಾಯಿಲೆ ಹೆಚ್ಚಾಗಿ ಕ್ಷಯ. ಆದರೆ ಹಾವರ್ತ್‌ನಲ್ಲಿ ಮಕ್ಕಳನ್ನು ಮಣ್ಣು ಮಾಡುವುದು ಪಾದ್ರಿ ಮನೆಯ ವಿಶೇಷವೇನೂ ಆಗಿರಲಿಲ್ಲ. ವರದಿ ಬಂದ ಮೇಲೂ ತೆರಿಗೆ ಏರುತ್ತದೆಂದು ಉಳ್ಳವರು ಅಡ್ಡಗಾಲು ಹಾಕಿದರು, ಪ್ಯಾಟ್ರಿಕ್ ಮಂಡಳಿಗೆ ಪತ್ರದ ಮೇಲೆ ಪತ್ರ ಬರೆದ. ಹಿಂದೆ 1837ರಲ್ಲೂ, ಬಡವರನ್ನು ವರ್ಕ್‌ಹೌಸ್ ಎಂಬ ಕಡ್ಡಾಯ ದುಡಿಮೆಯ ಆಶ್ರಯಕ್ಕೆ ತಳ್ಳುವ ಹೊಸ ಕಾಯ್ದೆಯ ವಿರುದ್ಧ ಸಭೆ ಕರೆದವನು ಇದೇ ಮನುಷ್ಯ.

ಅವನ ಅಳತೆ ತಪ್ಪಿದ್ದೂ ಉಂಟು. ಸಹಾಯಕ ಪಾದ್ರಿ ಆರ್ಥರ್ ಬೆಲ್ ನಿಕೋಲ್ಸ್ 1852ರಲ್ಲಿ ಷಾರ್ಲೆಟ್‌ಳನ್ನು ಕೇಳಿದಾಗ ಕೆಂಡಾಮಂಡಲವಾದ. ಅಳಿಯನಾಗಬೇಕಾದವನು ಐರಿಷ್, ಮೇಲಾಗಿ ಬಡವ ಎಂಬುದು ತಕರಾರು. ತಾನೂ ಅದೇ ಆಗಿದ್ದನ್ನು ಮರೆತಂತಿತ್ತು. 1854ರ ಮದುವೆಗೆ ಕೊನೆ ಗಳಿಗೆಯಲ್ಲಿ ಹೋಗಲಿಲ್ಲ. ಒಂಬತ್ತು ತಿಂಗಳಲ್ಲಿ ಷಾರ್ಲೆಟ್ ಸತ್ತಳು. ಮಾವ, ಅಳಿಯ ಆರು ವರ್ಷ ಅದೇ ಮನೆಯಲ್ಲಿ ಉಳಿದರು. ಮಗಳ ಜೀವನಚರಿತ್ರೆ ಬರೆಯಲು ಎಲಿಜಬೆತ್ ಗ್ಯಾಸ್ಕೆಲ್‌ಳನ್ನು ಕೇಳಿಕೊಂಡವನೇ ಪ್ಯಾಟ್ರಿಕ್. 1857ರಲ್ಲಿ ಬಂದ ಆ ಪುಸ್ತಕ ಅವನನ್ನು ಹೆಂಡತಿಯ ರೇಷ್ಮೆ ಗೌನು ಹರಿದವನು, ಕುರ್ಚಿಯ ಬೆನ್ನು ಗರಗಸದಿಂದ ಕೊಯ್ದವನು ಎಂದಿತು. ಕೋರ್ಟಿಗೆ ಹೋಗಲಿಲ್ಲ, ತಿದ್ದಿ ಎಂದಷ್ಟೇ ಕೇಳಿದ. ನಾನು ತುಸು ವಿಚಿತ್ರ ಮನುಷ್ಯ ನಿಜ, ಎಲ್ಲರಂತಿದ್ದರೆ ಅಂಥ ಮಕ್ಕಳು ಹುಟ್ಟುತ್ತಿರಲಿಲ್ಲ ಎಂಬರ್ಥದ ಮಾತನ್ನೂ ಆಕೆಗೆ ಬರೆದ.

1861ರ ಜೂನ್ 7ರಂದು, 84ನೇ ವಯಸ್ಸಿನಲ್ಲಿ ಪ್ಯಾಟ್ರಿಕ್ ತೀರಿಕೊಂಡ. ಮೊಮ್ಮಕ್ಕಳಿರಲಿಲ್ಲ. ಹದಿನೈದು ವರ್ಷಕ್ಕೂ ಮೇಲ್ಪಟ್ಟು ದುಡಿದ ನಿಕೋಲ್ಸ್‌ನನ್ನು ಬಿಟ್ಟು ಟ್ರಸ್ಟಿಗಳು ಜಾನ್ ವೇಡ್ ಎಂಬವನನ್ನು ಆರಿಸಿದರು. ಅಕ್ಟೋಬರ್‌ನಲ್ಲಿ ಮನೆಯ ಸಾಮಾನು ಹರಾಜಾಯಿತು, ನಿಕೋಲ್ಸ್ ಐರ್ಲೆಂಡಿನ ಬಾನಾಹರ್‌ಗೆ ಹೊರಟುಹೋದ. ಷಾರ್ಲೆಟ್ ಸತ್ತ ವರ್ಷವೇ ಪ್ಯಾಟ್ರಿಕ್ ಉಯಿಲು ಬರೆದಿಟ್ಟಿದ್ದ. ಐರ್ಲೆಂಡಿನ ಒಡಹುಟ್ಟಿದವರಿಗೆ ಸಮನಾಗಿ ಹಂಚಲು 40 ಪೌಂಡ್, ಹಿಂದೆಯೇ ಸಾಕಷ್ಟು ಕೊಟ್ಟಿದ್ದೇನೆ ಎಂಬ ಷರಾದೊಂದಿಗೆ. ಮನೆಕೆಲಸದ ಮಾರ್ಥಾ ಬ್ರೌನ್‌ಗೆ 30 ಪೌಂಡ್. ಉಳಿದದ್ದೆಲ್ಲ, ಒಂದು ಕಾಲಕ್ಕೆ ಬೇಡವಾಗಿದ್ದ ಅಳಿಯನಿಗೆ.